ಗಡಿಪಾರಿಗೆ ಮುನ್ನ ಒಂದು ಮಾತು

1901ರ ಜುಲೈ ತಿಂಗಳಲ್ಲಿ ಜಪಾನಿನಿಂದ ಬಂದ ಹುಡುಗಿಯೊಬ್ಬಳು ಅಮೆರಿಕದ ಸಿಯಾಟಲ್ ಬಂದರಿನಲ್ಲಿ ಇಳಿದಳು. ಹೆಸರು ಕವೊರು ಯಮತಾಯಾ. ವಯಸ್ಸು ಹದಿನಾರರ ಆಸುಪಾಸು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳ ವಯಸ್ಸು ಎನ್ನಿ. ಅವಳು ಊರೊಳಗೆ ಕಾಲಿಟ್ಟ ಕೆಲವೇ ದಿನಗಳಲ್ಲಿ ವಲಸೆ ಇಲಾಖೆಯ ಇನ್ಸ್‌ಪೆಕ್ಟರ್ ಒಬ್ಬರು ವಿಚಾರಿಸಿ, ಈಕೆಗೆ ಗತಿಯಿಲ್ಲ, ಸರ್ಕಾರಕ್ಕೆ ಹೊರೆಯಾಗುತ್ತಾಳೆ, ವಾಪಸು ಕಳುಹಿಸಬೇಕು ಎಂದು ತೀರ್ಮಾನಿಸಿದರು. ಹುಡುಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ತನಗೆ ಇಂಗ್ಲಿಷ್ ಬಾರದು, ವಕೀಲರಿರಲಿಲ್ಲ, ಆ ಪ್ರಶ್ನೆಗಳನ್ನೆಲ್ಲ ಕೇಳಿದ್ದು ತನ್ನನ್ನು ದೇಶದಿಂದ ಹೊರಹಾಕುವುದಕ್ಕಾಗಿ ಎಂಬುದೇ ತಿಳಿದಿರಲಿಲ್ಲ ಎಂಬುದು ಅವಳ ವಾದ.

1903ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರಲ್ಲಿ ಎರಡು ಮಾತುಗಳಿದ್ದವು. ಮೊದಲನೆಯದು: ದೇಶದೊಳಗೆ ಬಂದು ಅಲ್ಲಿನ ಜನರೊಡನೆ ಸೇರಿಹೋದ ವಿದೇಶೀಯರನ್ನು, ತಮ್ಮ ಅಹವಾಲು ಹೇಳಿಕೊಳ್ಳಲು ಅವಕಾಶವನ್ನೇ ಕೊಡದೆ ಯಾವ ಅಧಿಕಾರಿಯೂ ಮನಬಂದಂತೆ ಹೊರಗಟ್ಟುವಂತಿಲ್ಲ. ಎರಡನೆಯದು: ಈ ಹುಡುಗಿಗೆ ಅಂಥ ಅವಕಾಶ ಸಿಕ್ಕಿತ್ತು, ಭಾಷೆ ಬಾರದೆ ಹೋದದ್ದು ಅವಳ ದುರದೃಷ್ಟ. ಹೀಗೆ ತತ್ವ ಗೆದ್ದಿತು, ಹುಡುಗಿ ಸೋತಳು. ಆ ತತ್ವವನ್ನು ಆಚರಣೆಗೆ ತರುವ ಜಗ್ಗಾಟ ನೂರಿಪ್ಪತ್ತು ವರ್ಷ ಕಳೆದರೂ ಮುಗಿದಿಲ್ಲ.

2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರದಲ್ಲಿ ತಂದಿಳಿಸಿದ್ದು ಓದುಗರಿಗೆ ನೆನಪಿರಬಹುದು. ಆಗ ಬಹಳ ಮಂದಿ ಕೇಳಿದ ಪ್ರಶ್ನೆ ಇದು: ಹೇಳದೆ ಕೇಳದೆ ಇನ್ನೊಬ್ಬರ ಮನೆಗೆ ನುಗ್ಗಿದವರನ್ನು ಹೊರಹಾಕುವುದಕ್ಕೆ ವಿಚಾರಣೆ ಬೇರೆ ಬೇಕೆ? ಪ್ರಶ್ನೆ ಸಹಜವೇ. ಆದರೆ ಅದರ ಒಳಗೊಂದು ತೊಡಕಿದೆ. ಎದುರಿಗಿರುವ ವ್ಯಕ್ತಿ ನುಗ್ಗಿ ಬಂದವನೋ, ಕರೆದು ಬಂದವನೋ, ಪ್ರಾಣಭಯದಿಂದ ಓಡಿ ಬಂದವನೋ, ಅಥವಾ ಆ ಮನೆಯ ಮಗನೇ ಹೌದೋ ಎಂಬುದು ತಿಳಿಯುವುದು ಹೇಗೆ? ವಿಚಾರಣೆಯಿಂದಲೇ ಅಲ್ಲವೆ? ಉತ್ತರ ಮೊದಲೇ ಬರೆದಿಟ್ಟುಕೊಂಡು ಲೆಕ್ಕ ಮಾಡುವುದಕ್ಕೆ ಲೆಕ್ಕ ಎನ್ನುವುದಿಲ್ಲ.

ಒಂದು ಪದದ ಬಲ

ಇಂಗ್ಲಿಷಿನಲ್ಲಿ ‘ಡ್ಯೂ ಪ್ರೋಸೆಸ್’ ಎಂಬ ಮಾತಿದೆ. ನ್ಯಾಯಸಮ್ಮತವಾದ ವಿಧಾನ ಎಂದು ನಾವು ಹೇಳಬಹುದು. ಇಂಗ್ಲೆಂಡಿನಲ್ಲಿ 1354ರ ಶಾಸನವೊಂದರಲ್ಲಿಯೇ ಈ ಮಾತು ಕಾಣಿಸಿಕೊಂಡಿತು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಆದ ಐದನೆಯ ತಿದ್ದುಪಡಿ ಮತ್ತು 1868ರ ಹದಿನಾಲ್ಕನೆಯ ತಿದ್ದುಪಡಿ ಇದನ್ನು ಹಕ್ಕಾಗಿ ಬರೆದುಕೊಂಡವು. ಜೀವ, ಸ್ವಾತಂತ್ರ್ಯ, ಆಸ್ತಿ ಇವುಗಳನ್ನು ನ್ಯಾಯಸಮ್ಮತ ವಿಧಾನವಿಲ್ಲದೆ ಯಾರಿಂದಲೂ ಕಸಿಯಬಾರದು ಎಂಬುದು ಅದರ ಸಾರ.

ವಿದ್ಯಾರ್ಥಿಗಳು ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಆ ವಾಕ್ಯದಲ್ಲಿ ‘ಪ್ರಜೆ’ ಎಂಬ ಪದವಿಲ್ಲ, ‘ವ್ಯಕ್ತಿ’ ಎಂಬ ಪದವಿದೆ. ಮತದಾನದ ಹಕ್ಕು ಪ್ರಜೆಗೆ. ನ್ಯಾಯಸಮ್ಮತ ವಿಧಾನದ ಹಕ್ಕು ವ್ಯಕ್ತಿಗೆ. ಕಾಗದಪತ್ರ ಸರಿಯಿಲ್ಲದವನೂ ವ್ಯಕ್ತಿಯೇ. 1993ರ ಪ್ರಕರಣವೊಂದರಲ್ಲಿ, ಗಡಿಪಾರಿನ ವಿಚಾರಣೆಯಲ್ಲಿ ವಿದೇಶೀಯರಿಗೂ ಈ ಹಕ್ಕು ಉಂಟು ಎಂಬುದು ಸ್ಥಿರಪಟ್ಟ ವಿಷಯ ಎಂದು ಬರೆದವರು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಅವರನ್ನು ಉದಾರವಾದಿ ಎಂದು ಅವರ ಶತ್ರುಗಳೂ ಕರೆದವರಲ್ಲ.

ಹಾಗಾದರೆ ತಕರಾರು ಎಲ್ಲಿ? ಅದರ ಬೇರು 1893ರ ತೀರ್ಪೊಂದರಲ್ಲಿದೆ. ಆಗ ಚೀನೀಯರ ಮೇಲೆ ದ್ವೇಷ ಹಬ್ಬಿದ್ದ ಕಾಲ. 1892ರ ಕಾಯಿದೆಯಂತೆ ಚೀನೀ ಕೂಲಿಕಾರರು ನೋಂದಣಿ ಪತ್ರ ಪಡೆಯಬೇಕಿತ್ತು. ಪತ್ರವಿಲ್ಲದವನು ತಾನು ಮೊದಲಿನಿಂದಲೂ ಅಲ್ಲಿದ್ದವನೆಂದು ತೋರಿಸಲು ನಂಬಲರ್ಹನಾದ ಒಬ್ಬ ಬಿಳಿಯ ಸಾಕ್ಷಿಯನ್ನಾದರೂ ಕರೆತರಬೇಕಿತ್ತು! ಸುಪ್ರೀಂ ಕೋರ್ಟ್ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಗಡಿಪಾರು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ, ದೇಶ ತನ್ನ ಬಾಗಿಲನ್ನು ಕಾಯುವ ಕ್ರಮ ಮಾತ್ರ ಎಂದಿತು. ಮೂರು ವರ್ಷ ಕಳೆದ ಮೇಲೆ, 1896ರಲ್ಲಿ, ಅದೇ ಕಾಯಿದೆಯ ಇನ್ನೊಂದು ಭಾಗವನ್ನು ಕೋರ್ಟ್ ಹೊಡೆದುಹಾಕಿತು. ಕಾಗದವಿಲ್ಲದ ಚೀನೀಯರನ್ನು ಗಡಿಪಾರಿಗೆ ಮುನ್ನ ಒಂದು ವರ್ಷದವರೆಗೆ ಕಠಿಣ ದುಡಿಮೆಗೆ ಹಾಕಬಹುದೆಂದು ಅಲ್ಲಿ ಬರೆದಿತ್ತು. ದುಡಿಮೆಯ ಸೆರೆವಾಸ ಶಿಕ್ಷೆಯೇ ಸರಿ, ನ್ಯಾಯಾಲಯದ ವಿಚಾರಣೆಯಿಲ್ಲದೆ ಅದನ್ನು ಕೊಡಕೂಡದು ಎಂದಿತು ಕೋರ್ಟ್.

ಗಡಿಪಾರು ಶಿಕ್ಷೆಯಲ್ಲ ಎಂಬ ಮಾತಿನ ಪರಿಣಾಮ ಇಂದಿಗೂ ಇದೆ. ಕಳ್ಳತನದ ಆರೋಪ ಹೊತ್ತ ಬಡವನಿಗೆ ಅಲ್ಲಿನ ಸರ್ಕಾರ ತನ್ನ ಖರ್ಚಿನಲ್ಲಿ ವಕೀಲರನ್ನು ಕೊಡುತ್ತದೆ. ಗಡಿಪಾರಿನ ಕಟಕಟೆಯಲ್ಲಿ ನಿಂತವನು ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಖರ್ಚು ಅವನದೇ. ದುಡ್ಡಿಲ್ಲದವನು ತನ್ನ ಪರವಾಗಿ ತಾನೇ ಮಾತಾಡಬೇಕು.

ಕ್ರಮ ಹೇಗೆ ನಡೆಯುತ್ತದೆ?

ಸಾಮಾನ್ಯ ಕ್ರಮ ಹೀಗಿದೆ. ಮೊದಲು ಒಂದು ನೋಟಿಸು ಬರುತ್ತದೆ. ನೀನು ಈ ದೇಶದ ಪ್ರಜೆಯಲ್ಲ, ಇಂಥ ಕಾರಣಕ್ಕೆ ನಿನ್ನನ್ನು ಕಳುಹಿಸಬೇಕೆಂದಿದ್ದೇವೆ ಎಂದು ಅದರಲ್ಲಿ ಬರೆದಿರುತ್ತದೆ. ಆಮೇಲೆ ವಲಸೆ ನ್ಯಾಯಾಧೀಶರ ಎದುರು ಹಾಜರಾಗಬೇಕು. ಭಾಷೆ ಬಾರದವರಿಗೆ ದುಭಾಷಿ ಇರುತ್ತಾರೆ. ಸರ್ಕಾರ ತೋರಿಸಿದ ಸಾಕ್ಷ್ಯವನ್ನು ನೋಡಬಹುದು, ಪ್ರಶ್ನಿಸಬಹುದು, ತನ್ನ ಸಾಕ್ಷ್ಯವನ್ನು ಮುಂದಿಡಬಹುದು. ಊರಿಗೆ ಮರಳಿದರೆ ಜೀವಕ್ಕೆ ಅಪಾಯ ಎನ್ನುವವರು ಆಶ್ರಯ ಕೇಳಬಹುದು. ಸೋತವರು ವಲಸೆ ಮೇಲ್ಮನವಿ ಮಂಡಳಿಗೆ ಹೋಗಬಹುದು, ಅಲ್ಲಿಂದ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ವಲಸೆ ನ್ಯಾಯಾಧೀಶರು ಸ್ವತಂತ್ರ ನ್ಯಾಯಾಂಗಕ್ಕೆ ಸೇರಿದವರಲ್ಲ. ಸರ್ಕಾರದ ನ್ಯಾಯ ಇಲಾಖೆಯ ನೌಕರರು, ಅವರನ್ನು ನೇಮಿಸುವವರು ಅಟಾರ್ನಿ ಜನರಲ್. ಇನ್ನೊಂದು, 1996ರ ಕಾನೂನು ‘ತ್ವರಿತ ಗಡಿಪಾರು’ ಎಂಬ ಅಡ್ಡದಾರಿಯನ್ನು ತೆರೆಯಿತು. ಇದರಲ್ಲಿ ನ್ಯಾಯಾಧೀಶರ ಮುಖ ನೋಡದೆಯೇ ಅಧಿಕಾರಿಯೊಬ್ಬರ ಸಹಿಯಿಂದ ಹೊರಗೆ ಕಳುಹಿಸಬಹುದು. ಬಹುಕಾಲ ಇದನ್ನು ಮುಖ್ಯವಾಗಿ ಗಡಿಯ ಬಳಿ ಸಿಕ್ಕವರಿಗೆ ಬಳಸುತ್ತಿದ್ದರು. 2025ರ ಜನವರಿಯಲ್ಲಿ ಸರ್ಕಾರ ಇದನ್ನು ಇಡೀ ದೇಶಕ್ಕೆ ವಿಸ್ತರಿಸಹೊರಟಿತು. ಅದೇ ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಅದಕ್ಕೆ ತಡೆ ಕೊಟ್ಟರು.

ಸರ್ಕಾರದ ಕಡೆಯ ವಾದವನ್ನೂ ಕೇಳಬೇಕು. ವಲಸೆ ನ್ಯಾಯಾಲಯಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಕೊಳೆಯುತ್ತ ಬಿದ್ದದ್ದು ನಿಜ. ಒಂದು ಪ್ರಕರಣ ಮುಗಿಯಲು ವರ್ಷಗಟ್ಟಲೆ ಹಿಡಿಯುವುದೂ ನಿಜ. ಆದರೆ ಉತ್ತರಪತ್ರಿಕೆಗಳ ರಾಶಿ ಬೆಳೆಯಿತೆಂದು ಮೇಷ್ಟ್ರು ಓದದೆಯೇ ಎಲ್ಲರನ್ನೂ ಫೇಲು ಮಾಡಬಹುದೆ? ಇನ್ನಷ್ಟು ಮೌಲ್ಯಮಾಪಕರನ್ನು ಕರೆಯಬೇಕು.

ಪ್ರಮಾಣಿಸಿ ನೋಡು

ವಿಚಾರಣೆಯಿಲ್ಲದೆ ಕಳುಹಿಸಿದರೆ ಏನಾಗುತ್ತದೆ ಎಂಬುದಕ್ಕೆ 2025 ಒಂದು ಪಾಠವಾಯಿತು. ಮಾರ್ಚಿಯಲ್ಲಿ ಅಮೆರಿಕ ಸರ್ಕಾರ 1798ರ ‘ಶತ್ರು ವಿದೇಶೀಯರ ಕಾಯಿದೆ’ಯನ್ನು ಹೊರತೆಗೆದು, ಇವರು ಅಪರಾಧಿ ತಂಡದವರು ಎಂದು ಹೇಳಿ ವೆನೆಜುವೆಲಾದ ಬಹಳಷ್ಟು ಜನರನ್ನು ಎಲ್ ಸಾಲ್ವಡಾರ್ ದೇಶದ ಸೆರೆಮನೆಗೆ ಸಾಗಿಸಿತು. ತಂಡದವರು ಹೌದೋ ಅಲ್ಲವೋ ಎಂದು ನ್ಯಾಯಾಧೀಶರ ಮುಂದೆ ಯಾರೂ ಸಾಧಿಸಿರಲಿಲ್ಲ. ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್, ಇಂಥವರಿಗೆ ಮುಂಚಿತವಾಗಿ ನೋಟಿಸು ಕೊಡಬೇಕು, ಕೋರ್ಟಿಗೆ ಹೋಗಲು ಸಾಕಷ್ಟು ಸಮಯ ಬಿಡಬೇಕು ಎಂದಿತು. ಬೇರೆ ಅಂಶಗಳಲ್ಲಿ ಒಡೆದುಹೋಗಿದ್ದ ಒಂಬತ್ತು ನ್ಯಾಯಮೂರ್ತಿಗಳೂ ಈ ಒಂದು ಮಾತಿನಲ್ಲಿ ಒಮ್ಮತದಿಂದಿದ್ದರು. ಹಕ್ಕುಗಳೇನೆಂದು ತಿಳಿಸದೆ ಸುಮಾರು 24 ಗಂಟೆ ಮೊದಲು ಕೊಟ್ಟ ನೋಟಿಸು ಸಾಲದು ಎಂದು ಮೇ 16ರಂದು ಕೋರ್ಟ್ ಮತ್ತೆ ಹೇಳಿತು.

ಅದೇ ಮಾರ್ಚಿಯಲ್ಲಿ ಮೇರಿಲ್ಯಾಂಡಿನ ನಿವಾಸಿಯೊಬ್ಬನನ್ನೂ ಎಲ್ ಸಾಲ್ವಡಾರಿಗೆ ಕಳುಹಿಸಲಾಗಿತ್ತು. ಅವನನ್ನು ಆ ದೇಶಕ್ಕೆ ಮಾತ್ರ ಕಳುಹಿಸಕೂಡದು ಎಂದು ವಲಸೆ ನ್ಯಾಯಾಧೀಶರು 2019ರಲ್ಲಿಯೇ ಆದೇಶ ಮಾಡಿದ್ದರು! ಇದು ಆಡಳಿತದ ತಪ್ಪಿನಿಂದಾಯಿತು ಎಂದು ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಆದರೆ ಅಷ್ಟು ಹೊತ್ತಿಗೆ ವಿಮಾನ ಇಳಿದಾಗಿತ್ತು, ಆತ ಇನ್ನೊಂದು ದೇಶದ ಸೆರೆಮನೆಯಲ್ಲಿದ್ದ. ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಆತ ಮರಳಿ ಬರುವಾಗ ಜೂನ್ ಆಗಿತ್ತು, ಅದೂ ಬೇರೊಂದು ಆರೋಪದ ಮೇಲೆ. ಆತ ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆ ಇಲ್ಲಿ ಅನವಶ್ಯಕ. ಹಳೆಯ ಕಡತವನ್ನು ಯಾರಾದರೂ ಒಮ್ಮೆ ತೆರೆದು ನೋಡಬೇಕಿತ್ತು, ಅಷ್ಟೆ.

ಮೂರನೆಯದು ನಮ್ಮ ಮಕ್ಕಳಿಗೆ ಹತ್ತಿರದ ಸಂಗತಿ. ಅದೇ ವಸಂತದಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ‘ಸೆವಿಸ್’ ದಾಖಲೆಗಳು ಇದ್ದಕ್ಕಿದ್ದಂತೆ ರದ್ದಾದವು. ಅವರಲ್ಲಿ ಭಾರತದವರೂ ಇದ್ದರು. ಸೆವಿಸ್ ಎಂದರೆ ವಿದ್ಯಾರ್ಥಿ ಎಲ್ಲಿ ಓದುತ್ತಿದ್ದಾನೆ ಎಂಬುದನ್ನು ಸರ್ಕಾರ ಇಟ್ಟುಕೊಳ್ಳುವ ಗಣಕ ದಾಖಲೆ. ಅದು ಹೋದರೆ ಅಲ್ಲಿ ಇರುವುದಕ್ಕೇ ಸಂಚಕಾರ. ಏನು ನಡೆದಿತ್ತು ಎಂಬುದು ನ್ಯಾಯಾಲಯದಲ್ಲಿ ಹೊರಬಿತ್ತು. ಸುಮಾರು 13 ಲಕ್ಷ ಹೆಸರುಗಳನ್ನು ಪೊಲೀಸ್ ಮಾಹಿತಿ ಕೋಶದೊಡನೆ ತಾಳೆ ಹಾಕಿದ್ದರು, ಸುಮಾರು 6,400 ಕಡೆ ಹೆಸರು ಸಿಕ್ಕಿತ್ತು. ಹೆಸರಿದೆ ಎಂದರೆ ಅಪರಾಧ ರುಜುವಾತಾಗಿದೆ ಎಂದಲ್ಲ. ವಾಹನ ಚಾಲನೆಯ ಸಣ್ಣ ತಪ್ಪಿರಬಹುದು, ವಜಾ ಆದ ದೂರಿರಬಹುದು.

ವಿಜ್ಞಾನ ಓದುವ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ನೀಲಿ ಲಿಟ್ಮಸ್ ಕಾಗದ ಕೆಂಪಾದರೆ ದ್ರಾವಣ ಆಮ್ಲೀಯ ಎಂದಷ್ಟೇ ಗೊತ್ತಾಗುತ್ತದೆ. ಅದು ನಿಂಬೆರಸವೋ ಗಂಧಕಾಮ್ಲವೋ ತಿಳಿಯಬೇಕಾದರೆ ಮುಂದಿನ ಪರೀಕ್ಷೆಗಳನ್ನು ಮಾಡಬೇಕು. ಕೆಂಪಾಯಿತು ಎಂದ ಕೂಡಲೆ ಎಲ್ಲವನ್ನೂ ಚೆಲ್ಲಿದರೆ ಅಡುಗೆಮನೆಯಲ್ಲಿ ಪಾನಕ ಉಳಿಯದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಅವಸರ ಇದು. ವಿದ್ಯಾರ್ಥಿಗಳು ಬೇರೆ ಬೇರೆ ಊರುಗಳ ನ್ಯಾಯಾಲಯಗಳಿಗೆ ಹೋದರು. ನ್ಯಾಯಾಧೀಶರು ಒಬ್ಬೊಬ್ಬರಾಗಿ ತಡೆಯಾಜ್ಞೆ ಕೊಟ್ಟರು. ಏಪ್ರಿಲ್ 25ರಂದು ಸರ್ಕಾರ ದಾಖಲೆಗಳನ್ನು ಮರಳಿ ಸರಿಪಡಿಸುವುದಾಗಿ ತಿಳಿಸಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ನ್ಯಾಯಸಮ್ಮತ ವಿಧಾನ ತಪ್ಪಿತಸ್ಥನಿಗೆ ತೋರಿಸುವ ದಯೆಯಲ್ಲ. ತಪ್ಪು ಯಾರದೆಂದು ಕಂಡುಹಿಡಿಯುವ ಸಾಧನ.

ಹೊರದೇಶಕ್ಕೆ ಹೊರಟವರಿಗೆ ಕೆಲವು ಮಾತು. ಪಾಸ್‌ಪೋರ್ಟ್, ವೀಸಾ, ಐ-20 ಪತ್ರಗಳ ನಕಲನ್ನು ಮನೆಯಲ್ಲಿಯೂ ಒಂದು ಪ್ರತಿ ಇಟ್ಟು ಹೋಗಿ. ವಿಳಾಸ ಬದಲಾದರೆ ತಪ್ಪದೆ ತಿಳಿಸಿ. ನೋಟಿಸು ಹಳೆಯ ವಿಳಾಸಕ್ಕೆ ಹೋಗಿ ವಿಚಾರಣೆಗೆ ಗೈರುಹಾಜರಾದರೆ, ನೀವಿಲ್ಲದೆಯೇ ಗಡಿಪಾರಿನ ಆದೇಶ ಆಗಿಬಿಡಬಹುದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ದುಭಾಷಿಯನ್ನು ಕೇಳಿ. 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯಂತೆ, ಬಂಧನಕ್ಕೊಳಗಾದ ವಿದೇಶೀಯ ತನ್ನ ದೇಶದ ದೂತಾವಾಸಕ್ಕೆ ವಿಷಯ ತಿಳಿಸಬೇಕೆಂದು ಕೇಳಬಹುದು. ಕೇಳಿಕೊಂಡರೆ ತಿಳಿಸುವುದು ಅಲ್ಲಿನ ಅಧಿಕಾರಿಗಳ ಕರ್ತವ್ಯ. ತಂದೆತಾಯಿಗಳು ಬೆಂಗಳೂರಿನಲ್ಲಿ ಗಾಬರಿಗೊಂಡು ಅವರಿವರ ಕಾಲು ಹಿಡಿಯುವುದಕ್ಕಿಂತ ಇದು ಹೆಚ್ಚು ಫಲಕಾರಿ.

ನಮ್ಮ ಮನೆಯ ಮಾತು

ನಮ್ಮ ಸಂವಿಧಾನ ಬರೆಯುವಾಗ ಇದೇ ಪದಗಳ ಬಗ್ಗೆ ದೊಡ್ಡ ಚರ್ಚೆ ಆಗಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಅವರು ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ‘ಡ್ಯೂ ಪ್ರೋಸೆಸ್’ ಎಂದು ಬರೆದರೆ ನ್ಯಾಯಾಂಗದ ಮೇಲೆ ಭಾರ ಬೀಳುತ್ತದೆ ಎಂದು ಎಚ್ಚರಿಸಿದರು. ಕೊನೆಗೆ 21ನೆಯ ವಿಧಿಯಲ್ಲಿ ಜಪಾನಿನ ಸಂವಿಧಾನದ ಮಾದರಿಯಲ್ಲಿ ‘ಕಾನೂನು ಗೊತ್ತುಪಡಿಸಿದ ಕ್ರಮ’ ಎಂಬ ಅರ್ಥದ ಮಾತು ಬಂತು. 1978ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಆ ಕ್ರಮ ನ್ಯಾಯಯುತವೂ ವಿವೇಕಯುತವೂ ಆಗಿರಬೇಕು ಎಂದು ಹೇಳಿತು. ಮುಂಬಾಗಿಲಲ್ಲಿ ಬೇಡವೆಂದದ್ದು ಹಿತ್ತಿಲ ಬಾಗಿಲಿಂದ ಒಳಗೆ ಬಂದ ಹಾಗಾಯಿತು.

ನಮ್ಮ 21ನೆಯ ವಿಧಿಯಲ್ಲಿಯೂ ಇರುವುದು ‘ವ್ಯಕ್ತಿ’ ಎಂಬ ಪದವೇ. ವಿದೇಶೀಯರನ್ನು ಹೊರಗೆ ಕಳುಹಿಸುವ ಸರ್ಕಾರದ ಅಧಿಕಾರ ಬಹಳ ವಿಶಾಲವಾದದ್ದು ಎಂದು 1955ರಲ್ಲಿ ಹೇಳಿದ ನಮ್ಮ ಸುಪ್ರೀಂ ಕೋರ್ಟೇ, 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ, ಪ್ರಜೆಯಾಗಲಿ ಅಲ್ಲದಿರಲಿ ಪ್ರತಿಯೊಬ್ಬ ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯವನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದಿತು. ಎರಡು ಮಾತುಗಳಲ್ಲಿ ವಿರೋಧವಿಲ್ಲ. ಕಳುಹಿಸುವ ಅಧಿಕಾರ ಬೇರೆ, ಕಳುಹಿಸುವ ಕ್ರಮ ಬೇರೆ.

ಅಲ್ಲಿರುವ ನಮ್ಮ ಮಗನಿಗೋ ಮಗಳಿಗೋ ಒಂದು ಮಾತು ಹೇಳಲು ಅವಕಾಶ ಸಿಗಬೇಕು ಎಂದು ಬಯಸುವ ನಾವು, ಇಲ್ಲಿ ಭಾಷೆ ಬಾರದೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತಿರುವ ಪರದೇಶಿಗೂ ಅಷ್ಟನ್ನೇ ಬಯಸಬೇಕು. ಈ ಪಾಠ ಪರೀಕ್ಷೆಗೆ ಬರುವುದಿಲ್ಲ. ಆದರೂ ಮಕ್ಕಳು ಕಲಿತಿರಲಿ.