ನಾಲ್ಕು ಗಂಟೆಯ ಏಕಾಗ್ರತೆ ಎಂಬ ತಪ್ಪು ಸಲಹೆ

ಗಾಲ್ಫ್‌ನಲ್ಲಿ ಚೆನ್ನಾಗಿ ಆರಂಭವಾದ ಸುತ್ತನ್ನು, ಅಂದರೆ ಹದಿನೆಂಟು ಕುಳಿಗಳ ಒಂದು ಪೂರ್ಣ ಆಟವನ್ನು, ಹಾಗೆಯೇ ಮುಗಿಸಬೇಕಾದರೆ ಮೊದಲ ಹೊಡೆತದಿಂದ ಕೊನೆಯದರವರೆಗೆ ಮನಸ್ಸನ್ನು ಕ್ಷಣವೂ ಸಡಿಲಬಿಡಬಾರದೆಂದು ಇತ್ತೀಚಿನ ಲೇಖನವೊಂದು ವಾದಿಸಿದೆ. ಈ ವಾದ ಆಟದ ಸ್ವರೂಪವನ್ನೇ ಗಮನಿಸಿಲ್ಲ. 2019ರಲ್ಲಿ ಜಾರಿಗೆ ಬಂದ ನಿಯಮಾವಳಿಯು ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಶಿಫಾರಸು ಮಾಡುತ್ತದೆ. 72 ಹೊಡೆತಗಳಿಗೆ ಲೆಕ್ಕ ಹಾಕಿದರೂ ಅದು 48 ನಿಮಿಷ ಮಾತ್ರ, ಉಳಿದ ಗಂಟೆಗಳೆಲ್ಲ ನಡಿಗೆಯಲ್ಲಿಯೂ ಕಾಯುವುದರಲ್ಲಿಯೂ ಕಳೆಯುತ್ತವೆ. ಆ ಹೊತ್ತಿನಲ್ಲಿಯೂ ಮನಸ್ಸನ್ನು ಬಿಗಿಹಿಡಿದ ಆಟಗಾರ ಅಂಕಪಟ್ಟಿಯನ್ನೇ ಮೆಲುಕುಹಾಕುತ್ತ, ಇನ್ನೂ ಬಾರದ ಕುಳಿಗಳ ಭಯದಲ್ಲಿ ದಣಿಯುತ್ತಾನೆ.

ಕೊನೆಯಲ್ಲಿ ಕೈತಪ್ಪುವ ಗೆಲುವುಗಳಿಗೆಲ್ಲ ಏಕಾಗ್ರತೆಯ ಕೊರತೆಯೇ ಕಾರಣವೆಂಬ ಮಾತೂ ನಿಲ್ಲುವುದಿಲ್ಲ. 1999ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಬ್ರಿಟಿಷ್ ಓಪನ್‌ನಲ್ಲಿ ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಮೂರು ಹೊಡೆತಗಳ ಮುನ್ನಡೆಯೊಂದಿಗೆ ಕೊನೆಯ ಕುಳಿಗೆ ಬಂದಿದ್ದರು; ಅದರ ಪಾರ್, ಎಂದರೆ ನಿಗದಿತ ಹೊಡೆತಗಳ ಸಂಖ್ಯೆ, ನಾಲ್ಕಾಗಿದ್ದು, ಆರರಲ್ಲಿ ಮುಗಿಸಿದ್ದರೂ ಪ್ರಶಸ್ತಿ ಅವರದಾಗುತ್ತಿತ್ತು. ಎರಡನೆಯ ಹೊಡೆತ ಪ್ರೇಕ್ಷಕರ ಗ್ಯಾಲರಿಗೆ ಬಡಿದು ದಟ್ಟ ಹುಲ್ಲಿಗೆ ಬಿದ್ದಾಗ, ಚೆಂಡನ್ನು ಪಕ್ಕಕ್ಕೆ ತಳ್ಳಿ ಸುರಕ್ಷಿತ ಜಾಗಕ್ಕೆ ತರುವ ಬದಲು ಅವರು ನೇರವಾಗಿ ಮುಂದಕ್ಕೆ ಹೊಡೆದರು, ಚೆಂಡು ಬ್ಯಾರಿ ಬರ್ನ್ ಎಂಬ ತೊರೆಗೆ ಬಿತ್ತು. ಏಳು ಹೊಡೆತಗಳಲ್ಲಿ ಮುಗಿಸಿ ಸಮಬಲಕ್ಕೆ ಇಳಿದ ಅವರು, ವಿಜೇತರನ್ನು ನಿರ್ಧರಿಸಲು ನಡೆದ ಪ್ಲೇಆಫ್‌ನಲ್ಲಿ ಪಾಲ್ ಲಾರಿಗೆ ಸೋತರು. ಅವರ ಗಮನ ಅಲ್ಲಿ ಚದುರಿರಲಿಲ್ಲ, ಆಯ್ಕೆ ತಪ್ಪಿತ್ತು. ಆದ್ದರಿಂದ ಅಭ್ಯಾಸಿಗೆ ಕಲಿಸಬೇಕಾದದ್ದು, ಚೆಂಡಿನ ಹಿಂದೆ ನಿಂತಾಗ ಗುರಿಯನ್ನೂ ದಾಂಡನ್ನೂ ನಿಶ್ಚಯಿಸಿ, ಹೊಡೆದ ಬಳಿಕ ಮುಂದಿನ ಚೆಂಡನ್ನು ತಲುಪುವವರೆಗೆ ಮನಸ್ಸನ್ನು ಬಿಟ್ಟುಬಿಡುವ ಕ್ರಮವನ್ನು.