ಮನೆವಾರ್ತೆ: ತೈಲಶೇಷ

ಸಾಲ, ಬೆಂಕಿ, ಹಗೆ ಈ ಮೂರನ್ನು ಎಳ್ಳಷ್ಟೂ ಶೇಷವಿಲ್ಲದಂತೆ ತೀರಿಸತಕ್ಕದ್ದೆಂದೂ, ಉಳಿದ ಅಲ್ಪಾಂಶವೇ ಮತ್ತೆ ಬೆಳೆಯುವುದೆಂದೂ ಹಿರಿಯರು ಹೇಳುತ್ತಿದ್ದುದನ್ನು ವಾಚಕರು ಕೇಳಿಯೇ ಇರುವರು. ಬಹುಕಾಲ ಈ ನೀತಿಯನ್ನು ಹುಡುಗರಿಗೆ ಬೋಧಿಸಿದ ನನಗೆ, ಈ ಸಾಲಿಗೆ ನಾಲ್ಕನೆಯದೊಂದನ್ನು ಸೇರಿಸಬೇಕೆಂಬುದು ತಿಳಿದದ್ದು ಕಳೆದ ವರ್ಷ, ನನ್ನ ಮನೆಯಲ್ಲಿಯೇ. ಅದು ಕಾರಿನ ಎಂಜಿನಿನಿಂದ ತೆಗೆದ ಹಳೆಯ ಎಣ್ಣೆ.

ನಮ್ಮ ಸಣ್ಣ ಕಾರಿನ ಎಣ್ಣೆಯನ್ನು ಮನೆಯಲ್ಲಿಯೇ ಬದಲಿಸಲೆಂದು ಮಗನು ಒಂದು ಯಂತ್ರವನ್ನು ತಂದುಕೊಟ್ಟನು. ವ್ಯಾಕ್ಯೂಮ್ ಆಯಿಲ್ ಎಕ್ಸ್‌ಟ್ರಾಕ್ಟರ್ ಎಂದು ಅದರ ಹೆಸರು. ಎಣ್ಣೆ ಹೀರುವ ಪಂಪು ಎನ್ನೋಣ. ಒಂದು ಡಬ್ಬಿ, ಅದರ ತಲೆಯ ಮೇಲೆ ಕೈಪಂಪು, ಪಕ್ಕಕ್ಕೆ ಸಣ್ಣ ಕೊಳವೆ, ಇಷ್ಟೇ ಅದರ ಸ್ವರೂಪ. ಪಂಪು ಹೊಡೆದಂತೆ ಡಬ್ಬಿಯೊಳಗಿನ ಗಾಳಿ ಹೊರಹೋಗುತ್ತದೆ. ಆಗ ಎಂಜಿನಿನೊಳಗಿರುವ ಗಾಳಿಯ ಒತ್ತಡವೇ ಎಣ್ಣೆಯನ್ನು ಕೊಳವೆಯೊಳಕ್ಕೆ ದೂಡುತ್ತದೆ. ಕೊಳವೆ ಹಾಕಿ ಎಳನೀರು ಕುಡಿಯುವಾಗ ನಡೆಯುವುದೂ ಇದೇ. ಗಾಳಿಗೆ ಒತ್ತಡವುಂಟೆಂಬುದನ್ನು ಇಟಲಿಯ ಟಾರಿಚೆಲ್ಲಿ 1643ರಲ್ಲಿಯೇ ಪಾದರಸದ ನಳಿಗೆಯಿಂದ ತೋರಿಸಿದನು.

ಕ್ರಮವು ಹೀಗೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಬೇಕು. ಎಣ್ಣೆ ಬೆಚ್ಚಗಾಗಿ ತೆಳುವಾಗುವಂತೆ ಎಂಜಿನನ್ನು ಕೆಲವು ನಿಮಿಷ ಓಡಿಸಿ, ಆರಿಸಿ, ಎಣ್ಣೆಯು ತಳಕ್ಕಿಳಿಯುವವರೆಗೆ ಸುಮಾರು 10 ನಿಮಿಷ ಕಾಯಬೇಕು. ಕುದಿಯುವಷ್ಟು ಬಿಸಿಯಾದ ಎಣ್ಣೆಯನ್ನು ಹೀರತಕ್ಕದ್ದಲ್ಲ. ಕೈಯೂ ಸುಡುವುದು, ಡಬ್ಬಿಯೂ ಕೆಡುವುದು. ಕೈಗೆ ರಬ್ಬರಿನ ಗವಸು ಇರಲಿ. ಎಣ್ಣೆ ಹಾಕುವ ಮುಚ್ಚಳವನ್ನು ತೆರೆದು, ಮಟ್ಟ ನೋಡುವ ಕಡ್ಡಿಯನ್ನು, ಎಂದರೆ ಡಿಪ್‌ಸ್ಟಿಕ್ಕನ್ನು, ತೆಗೆದು, ಆ ರಂಧ್ರದಲ್ಲಿ ಕೊಳವೆಯನ್ನು ತಳ ಮುಟ್ಟುವವರೆಗೆ ಇಳಿಸಿ ಪಂಪು ಹೊಡೆಯಬೇಕು. ಗೊಳಗೊಳ ಶಬ್ದ ಕೇಳಿದರೆ ಗಾಳಿ ಸೇರುತ್ತಿದೆಯೆಂದು ತಿಳಿದು, ಕೊಳವೆಯನ್ನು ತುಸು ಎತ್ತಿ ತಿರುಗಿಸಿ ಮತ್ತೊಮ್ಮೆ ಇಳಿಸಿ ನೋಡಬೇಕು.

ಇಲ್ಲಿ ಶೇಷದ ಮೊದಲನೆಯ ವಿಚಾರ. ಹೊರಬಂದ ಎಣ್ಣೆ ಎಷ್ಟೆಂದು ಅಳೆಯದೆ ಹೊಸದನ್ನು ಸುರಿಯಕೂಡದು. ತಳದಲ್ಲಿ ಹಳೆಯದು ಉಳಿದಿದ್ದು, ಅದರ ಮೇಲೆ ಪೂರ್ಣಪ್ರಮಾಣದ ಹೊಸದು ಸೇರಿದರೆ ಮಟ್ಟ ಮಿತಿಮೀರುವುದು. ಒಳಗೆ ತಿರುಗುವ ದಂಡವು ಎಣ್ಣೆಯನ್ನು ಕಡೆದು ನೊರೆಯಾಗಿಸುವುದು. ನೊರೆಯು ಯಂತ್ರವನ್ನು ಸವೆತದಿಂದ ಕಾಯಲಾರದು. ಕಾರಿನ ಕೈಪಿಡಿಯಲ್ಲಿ ಹೇಳಿದ ಪ್ರಮಾಣವನ್ನು ನೋಡಿ, ಸ್ವಲ್ಪ ಸ್ವಲ್ಪವಾಗಿ ಹಾಕಿ, ಕಡ್ಡಿಯಿಂದ ಪರೀಕ್ಷಿಸುವುದೇ ಸರಿ. ಆಯಿಲ್ ಫಿಲ್ಟರು ಕಾರಿನ ಅಡಿಯಲ್ಲಿದ್ದರೆ ಆ ಕೆಲಸವನ್ನು ಮೆಕ್ಯಾನಿಕ್ಕನಿಗೆ ಬಿಡುವುದು ಲೇಸು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು.

ಇಷ್ಟನ್ನೂ ನಾನು ಶಾಸ್ತ್ರೋಕ್ತವಾಗಿಯೇ ಮಾಡಿದೆನು. ಆದರೆ ಕೆಲಸ ಮುಗಿಯಿತೆಂಬ ಸಂತೋಷದಲ್ಲಿ, ಎಣ್ಣೆ ತುಂಬಿದ ಡಬ್ಬಿಯನ್ನು ಹಾಗೆಯೇ ಉಗ್ರಾಣದ ಹಲಗೆಯ ಮೇಲಿರಿಸಿ, ಕೊಳವೆಯನ್ನು ಕೆಳಕ್ಕೆ ಜೋಲುಬಿಟ್ಟು ಮಲಗಿದೆನು. ಕೊಳವೆಯಲ್ಲಿ ಉಳಿದಿದ್ದ ಎರಡು ಚಮಚದಷ್ಟು ಎಣ್ಣೆ ರಾತ್ರಿಯೆಲ್ಲ ನೆಲಕ್ಕೆ ತೊಟ್ಟಿಕ್ಕಿತು. ಬೆಳಗಿನ ಜಾವ ತೆಂಗಿನಕಾಯಿ ತರಲು ಹೋದ ನಮ್ಮ ಮನೆಯವರು ಜಾರಿಬಿದ್ದು ಮುಂಗೈಯ ಮೂಳೆ ಬಿರುಕುಬಿಟ್ಟಿತು. ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಅವರು ಹೇಳಿದ್ದು ಇಷ್ಟೇ: “ಪಾತ್ರೆ ತೊಳೆದಿಡದೆ ನಾನೆಂದಾದರೂ ಅಡುಗೆ ಮುಗಿಯಿತು ಅಂದದ್ದುಂಟೇನು?” ನಾನು ಉತ್ತರ ಕೊಡಲಾರದೆ ಹೋದೆನು. ಪಟ್ಟಿ ಬಿಚ್ಚುವವರೆಗೆ ಒಲೆಯ ಮುಂದೆ ನಿಂತವನು ನಾನೇ.

ಆದುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು. ಕೆಲಸವಾದ ಕೂಡಲೇ ಡಬ್ಬಿಯೊಳಕ್ಕೆ ಗಾಳಿ ಬಿಟ್ಟು, ಎಣ್ಣೆಯನ್ನು ಹೊಸ ಎಣ್ಣೆ ಬಂದಿದ್ದ ಡಬ್ಬಕ್ಕೇ ಬಗ್ಗಿಸಿ, ಬಿಗಿಯಾಗಿ ಮುಚ್ಚಿ, “ಹಳೆಯ ಎಣ್ಣೆ” ಎಂದು ಚೀಟಿ ಅಂಟಿಸಬೇಕು. ಪಾನಕದ ಸೀಸೆಗೆ ಎಂದಿಗೂ ತುಂಬಬಾರದು. ಮಕ್ಕಳಿಗೆ ಬಣ್ಣ ತಿಳಿಯುವುದೇ ಹೊರತು ಗುಣ ತಿಳಿಯದು. ಕೊಳವೆಯನ್ನು ಬರಿದುಮಾಡಿ, ಬಟ್ಟೆಯಿಂದ ಒರಸಿ, ತುದಿಗಳನ್ನು ಮೇಲ್ಮುಖವಾಗಿ ಕಟ್ಟಿ, ಪ್ಲಾಸ್ಟಿಕ್ ಚೀಲ ಹೊದಿಸಬೇಕು. ಪಂಪನ್ನು ನೆಟ್ಟಗೆ, ಬಿಸಿಲು ತಾಗದೆಡೆಯಲ್ಲಿ, ಅಡುಗೆಯ ಸಾಮಾನಿನಿಂದ ದೂರವಿರಿಸಬೇಕು. ಪೆಟ್ರೋಲನ್ನು ಇದರಿಂದ ಹೀರುವುದಾಗಲಿ, ಪೆಟ್ರೋಲಿನಿಂದ ಇದನ್ನು ತೊಳೆಯುವುದಾಗಲಿ ಸರ್ವಥಾ ಕೂಡದು, ಬೆಂಕಿಯ ಭಯವುಂಟು.

ಇನ್ನು ಕೊನೆಯ ಶೇಷ. ನೆರೆಮನೆಯ ಯಜಮಾನರು ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಹತ್ತದಂತೆ ಬಳಿಯಲು ಆ ಎಣ್ಣೆಯನ್ನು ಕೇಳಿದರು. ಚರಂಡಿಗೆ ಸುರಿದರೆ ಸೊಳ್ಳೆ ಸಾಯುವುದೆನ್ನುವವರೂ ಉಂಟು. ಎಂಜಿನಿನಲ್ಲಿ ಬೆಂದ ಎಣ್ಣೆಯಲ್ಲಿ ಲೋಹದ ಕಣಗಳೂ, ಅರ್ಬುದರೋಗಕ್ಕೆ ಕಾರಣವಾಗಬಲ್ಲ ವಸ್ತುಗಳೂ ಸೇರಿರುತ್ತವೆ. ದನ ಕಂಬಕ್ಕೆ ಮೈಯುಜ್ಜುವುದು. ಚರಂಡಿಯ ನೀರು ಬಾವಿಯ ಕಡೆಗೇ ಇಂಗುವುದು. ನಮ್ಮ ದೇಶದ 2016ರ ನಿಯಮಗಳು ಇಂಥ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯಗಳ ಜೊತೆಯಲ್ಲಿ ಎಣಿಸಿವೆ. 2023ರ ತಿದ್ದುಪಡಿಯು ಅದನ್ನು ಶುದ್ಧಿಮಾಡಿಸಿ ಮರಳಿ ಬಳಕೆಗೆ ತರುವ ಹೊಣೆಯಲ್ಲಿ ಎಣ್ಣೆ ತಯಾರಕರನ್ನೂ ಸೇರಿಸಿದೆ. ನೆರೆಯವರಿಗೆ ಇದನ್ನು ವಿನಯದಿಂದ ತಿಳಿಸಿ, ಹಳೆಯ ಎಣ್ಣೆಯನ್ನು ಶೇಖರಿಸಿ ಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜೊಂದಕ್ಕೆ ಡಬ್ಬವನ್ನು ಒಯ್ದುಕೊಟ್ಟೆನು.

ಈಗ ನಮ್ಮಲ್ಲಿ ಎಣ್ಣೆ ಬದಲಿಸಿದ ದಿನ ಕೈತೊಳೆಯುವ ಮುನ್ನ ನಾಲ್ಕು ಕಡೆ ನೋಡುವ ಪದ್ಧತಿಯಾಗಿದೆ: ಎಂಜಿನು, ಡಬ್ಬಿ, ಕೊಳವೆ, ನೆಲ. ಕೊನೆಯದನ್ನು ಮಾತ್ರ ನಮ್ಮ ಮನೆಯವರೇ ಬಂದು ನೋಡಿ ಹೋಗುತ್ತಾರೆ.