ಸಾಠ್ ಕಬರ್

ನಾದಿನಿ ಮಗಳ ಮದುವೆಗೆ ಜವಳಿ ತರಲಿಕ್ಕೆ ಹೋದ ತಿಂಗಳು ನಾನೂ ಅತ್ತಿಯವರೂ ಆಲಮೇಲದಿಂದ ವಿಜಯಪುರಕ್ಕೆ ಹೋಗಿದ್ದೆವು. ಸೀರೆ ಆರಿಸೋದು ಬೇಗ ಮುಗೀತು (ಇದೇ ಒಂದು ಪವಾಡ). ಗೋಳಗುಮ್ಮಟ ನೋಡೂಣೇನು ಅಂದೆ. "ಅದನ್ನ ಹತ್ತು ಸಲ ನೋಡೀನಿ. ಅರವತ್ತು ಹೆಂಡರ ಗೋರಿ ಅದಾವಂತಲ್ಲ, ಅಲ್ಲಿಗೆ ನಡಿ" ಅಂದರು.

ಊರ ಹೊರಗೆ, ಹೊಲಗಳ ನಡುವೆ ಇದೆ ಸಾಠ್ ಕಬರ್. ಆಟೋದವನೇ ಎರಡು ಸಲ ದಾರಿ ಕೇಳಬೇಕಾಯ್ತು.

ಕಥೆ ನಿಮಗೂ ಗೊತ್ತಿರಬಹುದು. ಆದಿಲಶಾಹಿ ಸರದಾರ ಅಫ್ಜಲ್ ಖಾನ 1659ರಲ್ಲಿ ಶಿವಾಜಿ ಮೇಲೆ ದಂಡೆತ್ತಿ ಹೊರಟಾಗ, ನೀ ತಿರುಗಿ ಬರೂದಿಲ್ಲ ಅಂತ ಜ್ಯೋತಿಷಿ ಹೇಳಿದನಂತೆ. ತಾ ಸತ್ತ ಮೇಲೆ ಹೆಂಡರು ಪರರ ಪಾಲಾಗಬಾರದು ಅಂತ ಎಲ್ಲರನ್ನೂ ಬಾವಿಗೆ ನೂಕಿಸಿದನಂತೆ. ಇದು ಜನರ ಬಾಯಲ್ಲಿ ಉಳಿದದ್ದು. ಖಾನ ನವೆಂಬರ್ 10ಕ್ಕೆ ಪ್ರತಾಪಗಡದ ಬುಡದಲ್ಲಿ ಸತ್ತು ಅಲ್ಲೇ ಮಣ್ಣಾದದ್ದು ಮಾತ್ರ ಇತಿಹಾಸ. ಇಲ್ಲಿ ತನಗಂತ ಕಟ್ಟಿಸುತ್ತಿದ್ದ ಗೋರಿ ಅರ್ಧಕ್ಕೇ ನಿಂತಿತು.

ಕಟ್ಟೆಯ ಮೇಲೆ ಕರಿಕಲ್ಲಿನ ಗೋರಿಗಳು, ಸಾಲು ಸಾಲು, ಹೆಚ್ಚು ಕಡಿಮೆ ಒಂದೇ ಅಳತೆ. ಗಂಡಸರ ಗೋರಿ ಮೇಲೆ ಉದ್ದಕ್ಕೆ ಒಂದು ಏಣು ಇರ್ತದೆ, ಹೆಂಗಸರದು ಸಪಾಟು. ಇಲ್ಲಿ ಎಲ್ಲವೂ ಸಪಾಟು. ನಾನು ಒಂದು ಕಡೆಯಿಂದ, ಅತ್ತಿ ಇನ್ನೊಂದು ಕಡೆಯಿಂದ ಎಣಿಸಿದೆವು. ಲೆಕ್ಕ ಅರವತ್ತು ದಾಟಿತು. ಒಂದರ ಮೇಲೂ ಹೆಸರಿಲ್ಲ.

ಒಂದೇ ಮನೆತನದ ಹೆಂಗಸರನ್ನು ವರ್ಷಗಳ ಮೇಲೆ ಹೂಳುತ್ತ ಬಂದ ಜಾಗವೂ ಇರಬಹುದು ಇದು. ಆದರೆ ಆ ಸಾಲು ನೋಡಿದಾಗ ಕಥೆ ಸುಳ್ಳು ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ. ಸಿಟ್ಟು ಬಂದದ್ದು ಬೇರೆ ಮಾತಿಗೆ. ಸತ್ತವರು ಇವರು, ಕಥೆ ಮಾತ್ರ ಅವನದು. ಅವನ ಜ್ಯೋತಿಷಿ, ಅವನ ಹೆದರಿಕೆ, ಅವನ ಸಾವು. ಇವರಲ್ಲಿ ಯಾರು ಅತ್ತರು, ಯಾರು ಬೈದರು, ಯಾರ ಕೂಸು ಅಳುತ್ತ ಉಳೀತು, ಯಾರೂ ಹೇಳೋದಿಲ್ಲ.

ಗೋರಿಗಳಲ್ಲಿ ಒಂದು ತೆರೆದೇ ಇದೆ, ಒಳಗೆ ಖಾಲಿ. ಒಬ್ಬಾಕಿ ತಪ್ಪಿಸಿಕೊಂಡಳು ಅಂತಾರೆ ಜನ. ಅತ್ತಿ ಅದರ ಹತ್ರ ಬಹಳ ಹೊತ್ತು ಬಗ್ಗಿ ನಿಂತಿದ್ದರು. "ಮಂಡಿ ನೋಯ್ತದ, ಬರ್ರಿ" ಅಂದರೂ ಕೇಳಲಿಲ್ಲ.

ಬಸ್ಸಿನಲ್ಲಿ ಜವಳಿ ಗಂಟು ತೊಡೆ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ನಿದ್ದೆ ಹತ್ತಿತು ಅಂದುಕೊಂಡೆ. ಸಿಂದಗಿ ದಾಟಿದ ಮೇಲೆ ನನ್ನ ಕೈ ಮುಟ್ಟಿ ಕೇಳಿದರು: "ಅಕಿ ಯಾ ಕಡೆ ಹೋಗಿರಬೇಕ, ಯವ್ವಾ? ತವರು ಮನಿ ಇತ್ತೋ ಇಲ್ಲೋ ಅಕಿಗೆ?"